ಗುಲಗಂಜಿ ತೂಕ

ಕಟ್ಟಿನಕೆರೆ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ನನ್ನ ಔಷಧದಂಗಡಿ.
ಎದುರಿಗೇ ನಂಜುಂಡಾಚಾರರ ಕುಲುಮೆ:
ನಾಲ್ಕಡಿ ಅಗಲ, ಒಂದು ಬಲ್ಬು, ಒಂದು ಊದುಗೊಳವೆ.
ಕಾಲುಂಗುರ, ಮೂಗುಬೊಟ್ಟು, ತಾಳಿಯ ಮುರಿದ ಕೊಂಡಿ,
ಉಸಿರು ಬಿಗಿಹಿಡಿದು ಮಾಡುವ ಸಣ್ಣ ಕೆಲಸ.

ಚಹಾದ ಹೊತ್ತಿಗೆ ಅಂಗಿಯೆತ್ತಿ ತೋರಿಸುತ್ತಿದ್ದರು
ಕಿಬ್ಬೊಟ್ಟೆಯ ಮೇಲಿನ ಬಾಗಿದ ಗೆರೆ.
"ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅಂತಾರಲ್ಲ,
ನಾನು ಕಿಡ್ನಿಯನ್ನೇ ಹೊಡಕೊಂಡೆ ನೋಡವ್ವ."

ಶ್ರಾವಣದ ಒಂದು ಸಂಜೆ
ಉಡುದಾರದ ಕೆಳಗೆ ಹುಳುಕಡ್ಡಿ ಎದ್ದಿದೆ ಅಂದರು.
ಬಳೆಯಷ್ಟು ದುಂಡಗೆ, ಬಳೆಯೊಳಗೆ ಇನ್ನೊಂದು ಬಳೆ.
ಮುಲಾಮು ಸೋತು ಮೂರು ತಿಂಗಳು.
ಸೋಲದೆ ಏನು?
ಅಕ್ಕನದನ್ನು ಮೈ ಪರರದೆಂದು ಹೊರದಬ್ಬದಿರಲೆಂದು
ಒಳಗಿನ ಕಾವಲಿಗೆಲ್ಲ ಮಂಪರು ಕವಿಸಿ ಇಟ್ಟಿದ್ದಾರೆ;
ಕಾವಲು ತೂಕಡಿಸಿದ ಮನೆಗೆ ಬೂಷ್ಟಿಗೂ ಬಾಗಿಲು ತೆರೆದೇ ಇರುತ್ತದೆ.

ಇದೆಲ್ಲ ನನಗೆ ಗೊತ್ತಿತ್ತು.
ಗೊತ್ತಿದ್ದೂ, ಸಾಲಗಾಮೆ ಬಸ್ಸಿಗೆ ಹೊತ್ತಾಯಿತೆಂದು
ಹದಿನಾಲ್ಕು ದಿನದ ಇಟ್ರಾಕೊನಜೋಲ್ ಕವರಿಗೆ ಹಾಕಿದೆ.
"ಊಟ ಆದ ಮೇಲೆ" ಅಂದೆ.
ಅಷ್ಟೇ ಅಂದೆ.

ಲಿವರಿನಲ್ಲೂ ಒಂದು ಕುಲುಮೆ ಇದೆ.
ಬೆಳಗಿನ ಟ್ಯಾಕ್ರೋಲಿಮಸ್ಸು, ಸಂಜೆಯ ಟ್ಯಾಕ್ರೋಲಿಮಸ್ಸು,
ಬಂದದ್ದನ್ನು ಬಂದ ಹಾಗೆ ಸುಟ್ಟು ಕಳಿಸುವುದು ಅದರ ಕಸುಬು.
ನಾನು ಕೊಟ್ಟ ಕ್ಯಾಪ್ಸೂಲು ಹೋಗಿ ಅದರ ತಿದಿಯ ಮೇಲೆ ಕೂತಿತು.
ಗಾಳಿಯಿಲ್ಲದ ಕೆಂಡ.
ನಿನ್ನೆಯದರ ಮೇಲೆ ಇವತ್ತಿನದು, ಇವತ್ತಿನದರ ಮೇಲೆ ನಾಳೆಯದು,
ರಕ್ತದಲ್ಲಿ ಪೇರುತ್ತ ಹೋಯಿತು.
ಎರಡೂ ಒಳ್ಳೆಯ ಮದ್ದೇ. ಒರೆಗಲ್ಲಿಗೆ ತಿಕ್ಕಿದರೂ ಅಪ್ಪಟ.

ಒಂಬತ್ತನೆಯ ದಿನ ಎದುರಿನಿಂದ
ಇಕ್ಕಳ ಬಿದ್ದ ಸದ್ದು.
ಮತ್ತೆ ಬಿದ್ದ ಸದ್ದು.
ನಲವತ್ತು ವರ್ಷ ಕಲ್ಲು ಕೂರಿಸಿದ ಬೆರಳು
ಅರಳಿ ಎಲೆಯ ಹಾಗೆ ಅದುರುತ್ತಿತ್ತು.
"ಚಳಿ ಇಲ್ಲ, ಸಿಟ್ಟಿಲ್ಲ, ಯಾಕವ್ವ ನಡುಗ್ತದೆ?"

ಆಗ ನನ್ನೊಳಗೆ ತಕ್ಕಡಿಯ ಒಂದು ತಟ್ಟೆ ದಡಕ್ಕನೆ ಕೆಳಗಿಳಿಯಿತು.

ಆಟೋ, ದೊಡ್ಡಾಸ್ಪತ್ರೆ, ಬೆಂಗಳೂರಿಗೆ ಹೋದ ರಕ್ತದ ಸೀಸೆ.
ಏಳಿರಬೇಕಾದ ಕಡೆ ಇಪ್ಪತ್ತಾರು.
ಅರಕಲಗೂಡಿನಿಂದ ಕಾಳಕ್ಕನ ಫೋನು;
ಅವರ ಕೈಗೆ ನಿಲ್ಲಲಿಲ್ಲ, ನನ್ನ ಕೈಗೆ ಬಂತು.
"ನಾನು ಕೊಟ್ಟಿದ್ದು ಕೆಟ್ಟೋಯ್ತಾ, ತಾಯಿ?"
ಅಲ್ಲಮ್ಮ, ಅಂದೆ. ನೀವು ಕೊಟ್ಟಿದ್ದಲ್ಲ.
ನಾನು ಕೊಟ್ಟಿದ್ದು.

ಆ ಕಡೆ ಬಹಳ ಹೊತ್ತು ಕೋಳಿ ಕೂಗುವುದಷ್ಟೇ ಕೇಳುತ್ತಿತ್ತು.

ಡಾಕ್ಟರು ಬಯ್ಯಲಿಲ್ಲ, ಬೈದಿದ್ದರೆ ಹಗುರಾಗುತ್ತಿದ್ದೆ.
ಇಟ್ರಾಕೊನಜೋಲ್ ಬಂದ್. ಟ್ಯಾಕ್ರೋಲಿಮಸ್ ಎರಡು ದಿನ ಬೇಡ,
ಆಮೇಲೆ ಮೂರರಲ್ಲೊಂದು ಪಾಲು.
"ನೀವು ನಿಲ್ಲಿಸಿದರೂ ಅದು ಕೂಡಲೇ ಇಳಿದು ಹೋಗೋದಿಲ್ಲ" ಅಂದರು,
"ವಾರಗಟ್ಟಲೆ ಮೈಯಲ್ಲಿರುತ್ತೆ, ಮೆಲ್ಲಗೆ ಏಳುತ್ತೆ.
ಅದು ಎದ್ದ ಹಾಗೆ ಇದನ್ನು ಏರಿಸಬೇಕು.
ಮರೆತರೆ ಕಾವಲು ಎಚ್ಚರಾಗಿ ಕಿಡ್ನಿಯ ಮೇಲೇ ಬೀಳುತ್ತೆ."
ಮೂರು ದಿನಕ್ಕೊಮ್ಮೆ ಸೂಜಿ. ಅರ್ಧ ಮಿಲಿಗ್ರಾಮು. ಮತ್ತರ್ಧ.
ಮೂರೂವರೆ ಗುಲಗಂಜಿ ಎಂದು ಚಿನ್ನ ತೂಗುವವರಿಗೆ
ಈ ಲೆಕ್ಕ ನನಗಿಂತ ಬೇಗ ಹತ್ತಿತು.

ದೀಪಾವಳಿಯ ಹೊತ್ತಿಗೆ ಮತ್ತೆ ಕುಲುಮೆಗೆ ಬಂದರು.
ಕ್ರಿಯಾಟಿನಿನ್ ಮೊದಲಿನಷ್ಟು ಇಳಿಯಲಿಲ್ಲ; ಒಂದು ಚೂರು ಉಳಿದೇ ಹೋಯಿತು.
ಅದನ್ನು ನಾನು ಯಾರಿಗೂ ಹೇಳುವುದಿಲ್ಲ, ಇಲ್ಲಿ ಬರೆಯುತ್ತೇನೆ.
ಕೌಂಟರಿನ ಗಾಜಿನ ಮೇಲೆ ಒಂದು ಗುಲಗಂಜಿ ಇಟ್ಟರು.
"ಅಗಿದರೆ ವಿಷ ಕಣವ್ವ. ತಟ್ಟೇಲಿಟ್ಟರೆ ಅಳತೆ."
ತನ್ನ ಕಪ್ಪನ್ನು ತಾನರಿಯದು ಗುಲಗಂಜಿ, ಅಂತಾರೆ.
ನನ್ನದು ಈಗ ದಿನಾ ಕಣ್ಣೆದುರಿಗೇ, ರಶೀದಿ ಪುಸ್ತಕದ ಪಕ್ಕ.

ಯಾರು ಬಂದರೂ ಕೇಳುತ್ತೇನೆ:
ಇನ್ನೇನೇನು ನುಂಗ್ತಾ ಇದ್ದೀರಿ?
ಕೆಮ್ಮಿನ ಔಷಧಕ್ಕೆ ಬಂದವರೂ ಮುಖ ಸಿಂಡರಿಸುತ್ತಾರೆ,
ಬಸ್ಸಿಗೆ ಹೊತ್ತಾಯ್ತು, ಬೇಗ ಕೊಡಿ ಅನ್ನುತ್ತಾರೆ.

ಹೊತ್ತಾಗಲಿ.